ಬಡ್ಡಿ ಇಲ್ಲ ಅಂದ್ರೆ ಪುಕ್ಕಟೆ ಅಲ್ಲ ಮಾರಾಯ್ರೆ

ಪ್ರಶ್ನೆ: ಇಸ್ಲಾಂ ನಿಯಮದಂತೆ ಪರಿಸರದ ಕೆಲಸಕ್ಕೆ ದುಡ್ಡು ಹೊಂದಿಸುವ ಇಸ್ಲಾಮಿಕ್ ಗ್ರೀನ್ ಫೈನಾನ್ಸ್‌ನಲ್ಲಿ ಬಡ್ಡಿಯೇ ಇಲ್ಲವಂತೆ. ಹಾಗಾದರೆ ಸೋಲಾರ್‌ಗೆಲ್ಲ ಸುಮ್ನೆ ದುಡ್ಡು ಹಾಕುವವರು ಯಾರು?

ಮತ್ತೆ ಅದೇ ಪ್ರಶ್ನೆ! ಸುಮ್ನೆ ಯಾರೂ ಹಾಕುವುದಿಲ್ಲ. ಇದು ದಾನವಲ್ಲ, ಝಕಾತ್ (ಮುಸ್ಲಿಮರ ಕಡ್ಡಾಯ ದಾನ) ಅಲ್ಲ, ಲಾಭದ ವ್ಯವಹಾರ.

ಹಂಪನಕಟ್ಟೆಯಲ್ಲಿ ನಿಮ್ಮದೊಂದು ಅಂಗಡಿ ಕೋಣೆ ಇದೆ ಅಂತಿಟ್ಟುಕೊಳ್ಳಿ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಅದನ್ನು ಬಡ್ಡಿ ಅಂತೀರಾ? ಇಲ್ಲ ಅಲ್ವಾ. ಮಲ್ಪೆಯ ಬೋಟಿಗೆ ನಾಲ್ಕು ಜನ ಸೇರಿ ದುಡ್ಡು ಹಾಕಿದರೆ ಮೀನು ಸಿಕ್ಕ ಹಾಗೆ ಪಾಲು, ಸಿಗದಿದ್ದರೆ ನಷ್ಟದಲ್ಲೂ ಪಾಲು. ಸುಕೂಕ್ ಅನ್ನುವ ಪತ್ರ ನಿಂತಿರುವುದು ಈ ಲೆಕ್ಕದ ಮೇಲೆಯೇ. ಸಾಲ ಕೊಟ್ಟು ಬಡ್ಡಿ ಎಣಿಸುವ ಬದಲು ಒಂದು ಆಸ್ತಿಯಲ್ಲೋ ವ್ಯವಹಾರದಲ್ಲೋ ಪಾಲು ತಗೊಂಡು, ಅದರ ಬಾಡಿಗೆ ಅಥವಾ ಲಾಭ ಹಂಚಿಕೊಳ್ಳುವುದು. ಆ ದುಡ್ಡು ಸೋಲಾರ್, ನೆರೆ ತಡೆ, ಕಸ ನಿರ್ವಹಣೆಯಂಥ ಕೆಲಸಕ್ಕೇ ಹೋಗಬೇಕು ಅಂತ ಕಟ್ಟಿಹಾಕಿದರೆ ಅದು ಗ್ರೀನ್ ಸುಕೂಕ್.

ಮೊದಲನೆಯದು ಬಂದದ್ದು 2017ರಲ್ಲಿ, ಮಲೇಷ್ಯಾದಲ್ಲಿ. 25 ಕೋಟಿ ರಿಂಗಿಟ್, ಅಲ್ಲಿನ ಸಬಾ ರಾಜ್ಯದ ಸೋಲಾರ್ ಸ್ಥಾವರಕ್ಕೆ. ಮರುವರ್ಷ ಇಂಡೋನೇಷ್ಯಾ ಸರ್ಕಾರವೇ 125 ಕೋಟಿ ಡಾಲರ್ ಎತ್ತಿತು, ವರ್ಷಕ್ಕೆ ಶೇ. 3.75 ಲಾಭ ಕೊಟ್ಟು. ಪುಕ್ಕಟೆಯಾಗಿದ್ದರೆ ಈ 3.75 ಎಲ್ಲಿಂದ ಬಂತು?

"ಹೆಸರು ಬದಲಾಯಿಸಿದ ಬಡ್ಡಿಯೇ ಅಲ್ವಾ ಇದು?" ಅಂತ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಸುಕೂಕ್‌ಗಳು ನೋಡಲಿಕ್ಕೆ ಬಾಂಡಿನ (ಬಡ್ಡಿಯ ಸಾಲಪತ್ರದ) ಹಾಗೇ ಇರುತ್ತವೆ, ಈ ಜಗಳ ಷರಿಯಾ (ಇಸ್ಲಾಮಿಕ್ ಕಾನೂನು) ಪಂಡಿತರ ನಡುವೆಯೂ ಇದೆ. ಆದರೆ ಅದು ಬೇರೆ ಪ್ರಶ್ನೆ, ಪುಕ್ಕಟೆ ಅನ್ನುವುದು ಬೇರೆ ಕಥೆ.

ಇಂಡೋನೇಷ್ಯಾದಲ್ಲಿ 2019ರಿಂದ ಜನಸಾಮಾನ್ಯರಿಗೂ ಗ್ರೀನ್ ಸುಕೂಕ್ ಸಿಗುತ್ತದೆ. ಕನಿಷ್ಠ 10 ಲಕ್ಷ ರುಪಿಯಾ. ಹೆದರಬೇಡಿ, ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 5,000 ರೂಪಾಯಿ. ನಮ್ಮಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ಆರ್‌ಬಿಐ 2017ರಲ್ಲೇ ಕೈಬಿಟ್ಟಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ತಂದ ಗ್ರೀನ್ ಬಾಂಡ್ ಮಾಮೂಲಿ ಬಡ್ಡಿಯದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 5,000 ಅಂದಾಗ ನೆನಪಾಯಿತು. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಕಟ್ಟಿದ ಕಾರ್ಪೊರೇಶನ್ ಬ್ಯಾಂಕಿನ ಆರಂಭದ ಬಂಡವಾಳವೂ 5,000 ರೂಪಾಯಿಯೇ. ಅದು ಬಡ್ಡಿಯ ಬ್ಯಾಂಕೇ, ಎಲ್ಲ ಜಾತಿಯವರೂ ಅಲ್ಲಿ ಖಾತೆ ಇಟ್ಟವರೇ. 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಯಿತು. ನಮ್ಮ ಮನೆಯ ಕಪಾಟಿನಲ್ಲಿ ಅದರ ಹಳೇ ಪಾಸ್‌ಬುಕ್ ಇನ್ನೂ ಇದೆ.