ಓದುಗರ ಪ್ರಶ್ನೆ: ಮಗನಿಗೆ ಡಿಸ್ಲೆಕ್ಸಿಯಾ ಇದೆ, ಶಾಲೆಯಲ್ಲಿ ಏನಂತ ಕೇಳಲಿ?

"ಮೂರನೇ ಕ್ಲಾಸಿನ ಮಗನಿಗೆ ಡಿಸ್ಲೆಕ್ಸಿಯಾ ಅಂತ ರಿಪೋರ್ಟ್ ಬಂದಿದೆ. ಅವನಿಗೆ ಅಕ್ಷರಗಳು ಉಲ್ಟಾ ಕಾಣಿಸುತ್ತವಂತೆ. ಕಣ್ಣಿನ ವ್ಯಾಯಾಮ ಶುರು ಮಾಡಿಸಿದ್ದೇವೆ. ಮುಂದಿನ ವಾರ ಟೀಚರ್ ಹತ್ತಿರ ಮಾತಾಡಬೇಕು. ಏನಂತ ಕೇಳಲಿ?"

ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಏನು ಕೇಳಬೇಕು ಅನ್ನುವುದಕ್ಕೆ ಉತ್ತರ ಚಿಕ್ಕದು. ಆದರೆ "ಉಲ್ಟಾ ಕಾಣಿಸುತ್ತವಂತೆ" ಅನ್ನುವುದು ತಲೆಯಿಂದ ಹೋಗದೆ ಆ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಹಾಗೆ ನಂಬಿ ಹೋದವರು ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ದೊಡ್ಡ ಅಕ್ಷರದ ಪುಸ್ತಕ ಕೊಡಿ ಅಂತ ಕೇಳಿ ಬರುತ್ತಾರೆ. ಟೀಚರ್ ಸಂತೋಷವಾಗಿ ಒಪ್ಪುತ್ತಾರೆ. ವರ್ಷ ಕಳೆಯುತ್ತದೆ, ಓದು ಇದ್ದಲ್ಲೇ ಇರುತ್ತದೆ.

ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಹಾಗಾಗಿ ಇವತ್ತು ಬಿಡಿಸಿ ಹೇಳುತ್ತೇನೆ. ಡಿಸ್ಲೆಕ್ಸಿಯಾ ಅಂದರೆ ಓದು-ಬರಹ ಕಲಿಯುವುದರಲ್ಲಿ ಬರುವ ತೊಂದರೆ, ಕಣ್ಣಿನ ತೊಂದರೆ ಅಲ್ಲ. ಪುಟದ ಮೇಲಿರುವ ಅಕ್ಷರ ನಿಮಗೆ ಹೇಗೆ ಕಾಣುತ್ತದೋ ನಿಮ್ಮ ಮಗನಿಗೂ ಹಾಗೇ ಕಾಣುತ್ತದೆ.

ಒಂದು ಕೆಲಸ ಮಾಡಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣು ಮುಚ್ಚಿಕೊಳ್ಳಲು ಹೇಳಿ. ಪುಸ್ತಕ, ಸ್ಲೇಟು ಏನೂ ಬೇಡ. "ಕಮಲ ಅನ್ನು. ಅದರಲ್ಲಿ 'ಮ' ತೆಗೆದರೆ ಏನು ಉಳಿಯುತ್ತೆ?" ಅಂತ ಕೇಳಿ. ಆಮೇಲೆ, "ಹಾಲು ಅನ್ನು. ಮೊದಲ ಸದ್ದು 'ಹ್' ತೆಗೆದು 'ಕ್' ಹಾಕು, ಏನಾಯ್ತು?" ಅಂತ ಕೇಳಿ. ಓದು ಚೆನ್ನಾಗಿ ಹತ್ತಿದ ಮಕ್ಕಳು ಸ್ವಲ್ಪ ಯೋಚಿಸಿ "ಕಲ", "ಕಾಲು" ಅನ್ನುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗು ಇಲ್ಲಿ ತಡವರಿಸುವ ಸಾಧ್ಯತೆ ಜಾಸ್ತಿ. ಕಣ್ಣು ಮುಚ್ಚಿದೆ, ಎದುರಿಗೆ ಒಂದಕ್ಷರವೂ ಇಲ್ಲ. ಆದರೂ ತೊಡಕು ಅಲ್ಲೇ ಇದೆ. ಇದನ್ನು ಪರೀಕ್ಷೆ ಅಂತ ತಿಳಿದು ನೀವೇ ತೀರ್ಮಾನಕ್ಕೆ ಬರಬೇಡಿ. ತೊಂದರೆ ಎಲ್ಲಿದೆ ಅಂತ ತೋರಿಸಲು ಹೇಳಿದೆ, ಅಷ್ಟೇ. ಮಾತಿನ ಒಳಗಿನ ಸದ್ದುಗಳನ್ನು ಬಿಡಿಸುವುದು, ಒಂದೊಂದನ್ನೂ ಅದರ ಅಕ್ಷರದ ಜೊತೆ ಬೇಗ ಹೊಂದಿಸುವುದು, ಇದು ಅವನಿಗೆ ಕಷ್ಟ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ.

ಕಣ್ಣಿನ ಮಾತು ಬಂದದ್ದಾದರೂ ಎಲ್ಲಿಂದ? ಈ ತೊಂದರೆಯನ್ನು ಮೊದಲು ಗಮನಿಸಿದವರಲ್ಲಿ ಕಣ್ಣಿನ ಡಾಕ್ಟರುಗಳೇ ಹೆಚ್ಚು. 1887ರಲ್ಲಿ ಡಿಸ್ಲೆಕ್ಸಿಯಾ ಎಂಬ ಹೆಸರಿಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯ. ಆಮೇಲೆ ಇದರ ಬಗ್ಗೆ ತುಂಬಾ ಬರೆದ ಗ್ಲಾಸ್ಗೋದ ಜೇಮ್ಸ್ ಹಿನ್ಶೆಲ್‌ವುಡ್ ಕೂಡ ಕಣ್ಣಿನ ಸರ್ಜನ್. 1925ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್, ಅಕ್ಷರಗಳ ಕನ್ನಡಿ ಬಿಂಬಗಳು ಮಿದುಳಿನಲ್ಲಿ ಕಲಸಿಹೋಗುವುದೇ ಇದಕ್ಕೆ ಕಾರಣ ಎಂದು ವಾದಿಸಿದರು. ಆ ವಿವರಣೆ ನಿಲ್ಲಲಿಲ್ಲ, ಆದರೆ ಅದರ ಚಿತ್ರ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಅದನ್ನು ಪರೀಕ್ಷಿಸಿ ನೋಡಿದವರು ಅಮೆರಿಕದ ಮನೋವಿಜ್ಞಾನಿ ಫ್ರಾಂಕ್ ವೆಲ್ಯುಟಿನೊ, 1970ರ ದಶಕದಲ್ಲಿ. ಹೀಬ್ರೂ ಗೊತ್ತೇ ಇಲ್ಲದ ಮಕ್ಕಳಿಗೆ ಹೀಬ್ರೂ ಪದಗಳನ್ನು ತೋರಿಸಿ, ಆಮೇಲೆ ನೆನಪಿನಿಂದ ಬರೆಯಲು ಹೇಳಿದರು. ಅಕ್ಷರ ಉಲ್ಟಾ ಕಾಣುವುದೇ ನಿಜವಾಗಿದ್ದರೆ ಓದಲು ಕಷ್ಟಪಡುವ ಮಕ್ಕಳು ಇಲ್ಲೂ ಹಿಂದೆ ಬೀಳಬೇಕಿತ್ತು. ಬೀಳಲಿಲ್ಲ. ಚೆನ್ನಾಗಿ ಓದುವ ಮಕ್ಕಳಷ್ಟೇ ಸರಿಯಾಗಿ ಬರೆದರು. ಸದ್ದು ಗೊತ್ತಿಲ್ಲದ ಲಿಪಿಯ ಮುಂದೆ ಇಬ್ಬರ ಕಣ್ಣೂ ಒಂದೇ. ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾ?

"ಆದರೆ ಅವನು ಇಂಗ್ಲಿಷಿನ ಬಿ ಬದಲು ಡಿ ಬರೆಯುತ್ತಾನಲ್ಲಾ?" ಬರೆಯುತ್ತಾನೆ. ಐದಾರು ವರ್ಷದ ಎಷ್ಟೋ ಮಕ್ಕಳು ಬರೆಯುತ್ತಾರೆ. ಎಡಕ್ಕೆ ಮುಖ ಮಾಡಿದ ಹಸುವೂ ಹಸುವೇ, ಬಲಕ್ಕೆ ಮುಖ ಮಾಡಿದ್ದೂ ಹಸುವೇ ಅಂತ ಮಿದುಳು ಹುಟ್ಟಿದಾಗಿನಿಂದ ಕಲಿತಿರುತ್ತದೆ. ಅಕ್ಷರದಲ್ಲಿ ಮಾತ್ರ ದಿಕ್ಕು ಬದಲಾದರೆ ಅಕ್ಷರವೇ ಬದಲಾಗುತ್ತದೆ. ಓದು ಅಭ್ಯಾಸವಾದ ಹಾಗೆ ಇದು ಸರಿಹೋಗುತ್ತದೆ. ಡಿಸ್ಲೆಕ್ಸಿಯಾ ಇರುವವರಲ್ಲಿ ಓದೇ ತಡ, ಹಾಗಾಗಿ ಇದೂ ತಡ.

ಇನ್ನು ಕನ್ನಡಕ್ಕೆ ಬನ್ನಿ. ನಮ್ಮ ಲಿಪಿಯಲ್ಲಿ ಬಿ-ಡಿ ತರಹದ ಕನ್ನಡಿ ಜೋಡಿಗಳು ಎಲ್ಲಿವೆ? ಆದರೂ ಕನ್ನಡ ಓದುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಇದೆ. ಅವರ ನೋಟ್‌ಬುಕ್ ತೆರೆದು ನೋಡಿ. 'ಕತ್ತೆ' ಹೋಗಿ 'ಕತೆ' ಆಗಿರುತ್ತದೆ. 'ಅಜ್ಜ' ಹೋಗಿ 'ಅಜ' ಆಗಿರುತ್ತದೆ. ದ-ಧ ಅದಲುಬದಲು, ಕಿ-ಕೀ ಅದಲುಬದಲು. ಒತ್ತು, ದೀರ್ಘ, ಮಹಾಪ್ರಾಣ, ಮೂರೂ ಕಿವಿಯ ಲೆಕ್ಕಾಚಾರ. ಕೆಂಪು ಪೆನ್ನಿನಲ್ಲಿ ತಿದ್ದುವ ಮೊದಲು ತಪ್ಪುಗಳನ್ನು ಹೀಗೆ ಒಂದು ಸಲ ಓದಿದರೆ ಮಗುವಿನ ತೊಂದರೆ ಪೂರ್ತಿ ಅಲ್ಲೇ ಕಾಣುತ್ತದೆ. ಇದನ್ನು ನೋಡಲು ಕಲಿತ ಟೀಚರುಗಳನ್ನು ಕಂಡರೆ ನನಗೆ ತುಂಬಾ ಹೆಮ್ಮೆ.

ಕಣ್ಣು ಮತ್ತು ಕಿವಿಯ ತಪಾಸಣೆ ಒಂದು ಸಲ ಮಾಡಿಸಿ, ಅದು ಯಾವ ಮಗುವಿಗಾದರೂ ಬೇಕು. ಕನ್ನಡಕ ಬೇಕಿದ್ದರೆ ಹಾಕಿಸಿ. ಆದರೆ ಡಿಸ್ಲೆಕ್ಸಿಯಾಕ್ಕೆ ಅಂತ ಕಣ್ಣಿನ ವ್ಯಾಯಾಮ, ಬಣ್ಣದ ಗಾಜು ಬೇಡ. ಇವು ಕೆಲಸ ಮಾಡುತ್ತವೆ ಎನ್ನಲು ವೈಜ್ಞಾನಿಕ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಆ ಸಮಯ, ಆ ದುಡ್ಡು ಓದು ಕಲಿಸುವುದಕ್ಕೆ ಹೋಗಲಿ.

ಈಗ ಶಾಲೆಗೆ ಹೋಗೋಣ. ಮೊದಲು ಕೇಳಬೇಕಾದದ್ದು ಪಾಠ. ಸದ್ದು ಮತ್ತು ಅಕ್ಷರದ ಸಂಬಂಧವನ್ನು ಒಂದೊಂದಾಗಿ, ಕ್ರಮವಾಗಿ, ಮತ್ತೆ ಮತ್ತೆ ಕಲಿಸುವ ಪಾಠ. ವಾರದಲ್ಲಿ ಕೆಲವು ದಿನ, ಒಬ್ಬರಿಗೆ ಅಥವಾ ಪುಟ್ಟ ಗುಂಪಿಗೆ. ಯಾರು ಕಲಿಸುತ್ತಾರೆ, ಯಾವಾಗಿಂದ ಅಂತ ಸ್ಪಷ್ಟವಾಗಿ ಕೇಳಿ. ತಪ್ಪಾದ ಪದವನ್ನು ಇಪ್ಪತ್ತು ಸಲ ಬರೆಸುವುದು ಇದಕ್ಕೆ ಬದಲಿ ಅಲ್ಲ. ಸದ್ದು ಬಿಡಿಸಲು ಬಾರದ ಮಗು ಇಪ್ಪತ್ತು ಸಲವೂ ಚಿತ್ರ ಬಿಡಿಸಿದ ಹಾಗೆ ಬರೆದು ಮುಗಿಸುತ್ತದೆ.

ಎರಡನೆಯದು, ಆ ಪಾಠ ಫಲ ಕೊಡುವವರೆಗೆ ಬೇಕಾದ ಅನುಕೂಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬಾಯಲ್ಲಿ ಉತ್ತರ ಹೇಳುವ ಅವಕಾಶ, ಬೋರ್ಡಿನಿಂದ ಇಳಿಸಿಕೊಳ್ಳುವ ಬದಲು ಬರೆದ ನೋಟ್ಸ್, ವಿಜ್ಞಾನದ ಉತ್ತರದಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಅಂಕ ಕಳೆಯದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಇಡೀ ಕ್ಲಾಸಿನ ಮುಂದೆ ಏಕಾಏಕಿ ಎಬ್ಬಿಸಿ ಓದಿಸಬಾರದು. ಓದಿಸಲೇಬೇಕಿದ್ದರೆ ಯಾವ ಪ್ಯಾರಾ ಅಂತ ಹಿಂದಿನ ದಿನವೇ ಹೇಳಿ ಕಳಿಸಲಿ. ಈ ಒಂದನ್ನು ಮಾತ್ರ ಬಿಟ್ಟುಕೊಡಬೇಡಿ. ಬೆಳಗ್ಗೆ ಹೊಟ್ಟೆನೋವು ಅಂತ ಶಾಲೆ ತಪ್ಪಿಸುವ ಎಷ್ಟೋ ಮಕ್ಕಳ ನೋವಿಗೆ ಕಾರಣ ಇದೇ.

"ಅವನಿಗೊಬ್ಬನಿಗೆ ಜಾಸ್ತಿ ಟೈಮ್ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ವಾ?" ಅನ್ನುವ ಮಾತು ಬಂದೇ ಬರುತ್ತದೆ. ಸಿಟ್ಟು ಮಾಡಿಕೊಳ್ಳಬೇಡಿ. ಗೊತ್ತಿಲ್ಲದ ಉತ್ತರ ಎಷ್ಟು ಹೊತ್ತು ಕೊಟ್ಟರೂ ಗೊತ್ತಾಗುವುದಿಲ್ಲ, ಗೊತ್ತಿರುವುದನ್ನು ಬರೆದು ಮುಗಿಸಲು ಇವನಿಗೆ ಸಮಯ ಬೇಕು ಅಂತ ಹೇಳಿ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಅವನಿಗೆ ತನ್ನ ಹೆಸರನ್ನೂ ಸರಿಯಾಗಿ ಬರೆಯಲು ಆಗುತ್ತಿರಲಿಲ್ಲ. ಆದರೆ ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಜಾಣ ಇವನಾಗುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದರು. ಅಷ್ಟು ಹಿಂದೆ ಒಬ್ಬ ಮೇಷ್ಟ್ರಿಗೆ ಕಂಡದ್ದು ಇವತ್ತಿನವರಿಗೂ ಕಾಣುತ್ತದೆ, ತಾಳ್ಮೆಯಿಂದ ತೋರಿಸಿದರೆ.

ಮಾತಾಡಿದ್ದನ್ನೆಲ್ಲ ಅದೇ ದಿನ ಬರೆದು ಕೊಡಿ. ರಿಪೋರ್ಟಿನ ಪ್ರತಿ ಜೊತೆಗಿರಲಿ. ಒಪ್ಪಿದ್ದು ಏನು, ಮತ್ತೆ ಯಾವಾಗ ಸೇರುವುದು, ಎರಡೂ ಅದರಲ್ಲಿ ಇರಲಿ. ಬಾಯಿಮಾತಿನ ಒಪ್ಪಂದ ಟೀಚರ್ ಬದಲಾದ ದಿನ ಮುಗಿಯುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಮಗನಿಗೆ ಹೇಳಬೇಕಾ? ಹೇಳಬೇಕು. ಮನೆಯಲ್ಲಿ ಪಿಸುಪಿಸು ನಡೆಯುತ್ತಿದೆ ಅಂತ ಅವನಿಗೆ ಆಗಲೇ ಗೊತ್ತಿರುತ್ತದೆ. ಹೇಳದಿದ್ದರೆ ಕಾರಣವನ್ನು ತಾನೇ ಹುಡುಕಿಕೊಳ್ಳುತ್ತಾನೆ. "ನಾನು ದಡ್ಡ" ಅನ್ನುವುದೇ ಅವನಿಗೆ ಸಿಗುವ ಮೊದಲ ಕಾರಣ. "ನಿನಗೆ ಸದ್ದು ಬಿಡಿಸುವುದು ಸ್ವಲ್ಪ ನಿಧಾನ, ಅದಕ್ಕೆ ಓದು ಕಷ್ಟ ಆಗ್ತಿದೆ. ಅದಕ್ಕೊಂದು ಹೆಸರಿದೆ. ಕಲಿಸುವ ದಾರಿಯೂ ಇದೆ" ಅಂತ ಹೇಳಿ, ಸಾಕು. ಇದು ಮನೆತನದಲ್ಲಿ ಬರುವುದು ಜಾಸ್ತಿ. ನಿಮಗೋ ಅವರಪ್ಪನಿಗೋ ಓದು ಕಷ್ಟವಾಗಿತ್ತು ಅಂತಿದ್ದರೆ ಅದನ್ನೂ ಹೇಳಿ. ಮಕ್ಕಳ ಮುಖ ಅರಳುವುದನ್ನು ನಾನು ಹೆಚ್ಚು ನೋಡಿರುವುದು ಆ ಮಾತಿಗೇ.

"ಇದು ಹೋಗುತ್ತಾ?" ಅಂತ ಅವನು ಕೇಳಬಹುದು. ಸುಳ್ಳು ಹೇಳಬೇಡಿ. ಓದು ಬರುತ್ತದೆ, ಸರಿಯಾಗೇ ಬರುತ್ತದೆ, ಆದರೆ ವೇಗ ಉಳಿದವರಷ್ಟು ಬರದಿರಬಹುದು. ಹಾಗಾಗಿ ಓದು ಸುಧಾರಿಸಿತು ಅಂತ ಹೆಚ್ಚುವರಿ ಸಮಯವನ್ನು ಬಿಡಬೇಡಿ. ಪ್ರತಿ ವರ್ಷ ಹೊಸ ಕ್ಲಾಸ್ ಟೀಚರ್ ಬಂದಾಗ, ಮೊದಲ ವಾರದಲ್ಲೇ, ಆ ಪತ್ರದ ಪ್ರತಿಯನ್ನು ಅವರ ಕೈಗೆ ಕೊಡಿ.