ಮರಳಿ ಬಂದ ಲೈಕಾ ಎಂ6 ಹಳೆಯದೇ, ಹೊಸದೇ?

ಓದುಗರ ಪ್ರಶ್ನೆ: ಇಪ್ಪತ್ತು ವರ್ಷಗಳ ಹಿಂದೆ ನಿಲ್ಲಿಸಿದ್ದ ಎಂ6 ಫಿಲ್ಮ್ ಕ್ಯಾಮೆರಾವನ್ನು ಜರ್ಮನಿಯ ಲೈಕಾ ಕಂಪನಿ 2022ರಲ್ಲಿ ಮತ್ತೆ ತಯಾರಿಸತೊಡಗಿತು. ಅಭಿಮಾನಿಗಳಲ್ಲಿ ಕೆಲವರು ಅದನ್ನು ಹಬ್ಬದಂತೆ ಬರಮಾಡಿಕೊಂಡರು, ಇನ್ನು ಕೆಲವರು ಹಳೆಯ ಹೆಸರನ್ನು ಮಾರಾಟಕ್ಕಿಟ್ಟಿದ್ದಾರೆಂದು ಮುನಿಸಿಕೊಂಡರು. ಇದು ನಿಜಕ್ಕೂ ಅದೇ ಎಂ6 ಹೌದೇ? ಕೊಳ್ಳುವುದಾದರೆ ಹೊಸದನ್ನು ಕೊಳ್ಳಬೇಕೇ, ಹಳೆಯದನ್ನು ಕೊಳ್ಳಬೇಕೇ?

ಉತ್ತರ: ಕ್ಯಾಮೆರಾದ ರಚನೆಯನ್ನು ನೋಡಿದರೆ ಹೌದು, ಇದು ಅದೇ ಎಂ6. ಎರಡು ಮುಖ್ಯ ಕಡೆಗಳಲ್ಲಿ ಇದು ಹಳೆಯದಕ್ಕಿಂತ ಒಳ್ಳೆಯ ಕ್ಯಾಮೆರಾ ಎಂಬುದೂ ನಿಜ, ಇದರ ಬೆಲೆಯ ಬಗ್ಗೆ ಅಭಿಮಾನಿಗಳು ಪಡುವ ಬೇಸರ ನ್ಯಾಯವಾದದ್ದು ಎಂಬುದೂ ನಿಜ. ಆದರೆ ಹೊಗಳುವವರೂ ತೆಗಳುವವರೂ 'ಮೂಲ ಎಂ6' ಎಂಬುದೊಂದು ಅಪ್ಪಟ ವಸ್ತು ಎಂದು ಭಾವಿಸಿಯೇ ಮಾತು ಆರಂಭಿಸುವುದರಿಂದ, ಮೊದಲು ಆ ಮೂಲ ಎಲ್ಲಿಂದ ಬಂತು ಎಂಬುದನ್ನು ನೋಡಬೇಕಾಗುತ್ತದೆ.

ಎಂ ಸಾಲಿನ ಮೊದಲ ಕ್ಯಾಮೆರಾ 1954ರ ಎಂ3. ಲೆನ್ಸನ್ನು ತಿರುಪಿನಂತೆ ಸುತ್ತಿ ಕೂರಿಸುವ ಬದಲು ಅರೆತಿರುವಿನಲ್ಲಿ ಸಿಕ್ಕಿಸುವ ವ್ಯವಸ್ಥೆಯೂ, ದೃಶ್ಯವನ್ನು ಚೌಕಟ್ಟಿಗೆ ತರುವುದಕ್ಕೂ ಫೋಕಸ್ ಮಾಡುವುದಕ್ಕೂ ಒಂದೇ ಕಿಂಡಿಯಲ್ಲಿ ನೋಡಿದರೆ ಸಾಕೆನ್ನುವ ಅನುಕೂಲವೂ ಲೈಕಾಕ್ಕೆ ಅದರಿಂದ ಬಂದವು. ರೀಲನ್ನು ಬೇಗ ಹಾಕಲು ನೆರವಾಗುವ ಮೂರು ಎಸಳಿನ ಉರುಳೆಯೂ, ಮುಗಿದ ರೀಲನ್ನು ಹಿಂದಕ್ಕೆ ಸುತ್ತುವ ಓರೆ ಹಿಡಿಕೆಯೂ 1967ರ ಎಂ4 ಕೊಟ್ಟ ಕೊಡುಗೆ. 1971ರ ಎಂ5 ಲೆನ್ಸಿನ ಒಳಗಿಂದಲೇ ಬೆಳಕನ್ನು ಅಳೆಯುವ ಮೀಟರನ್ನು ತಂದಿತಾದರೂ ಅದರ ದಪ್ಪ ಮೈಯನ್ನು ಜನ ಒಪ್ಪಲಿಲ್ಲ. ಆ ಸೋಲಿನಿಂದ ಎಂ ಸಾಲೇ ನಿಂತುಹೋಗುವ ಹಂತಕ್ಕೆ ಬಂದಾಗ ಕೆನಡಾದ ಮಿಡ್ಲೆಂಡ್ ಊರಿನಲ್ಲಿದ್ದ ಕಾರ್ಖಾನೆ ಎಂ4 ಕ್ಯಾಮೆರಾವನ್ನು ಕಡಿಮೆ ಖರ್ಚಿನಲ್ಲಿ ಮಾಡುವ ದಾರಿ ಹುಡುಕಿ, ಎಂ4-2 ಎಂಬ ಹೆಸರಿನಲ್ಲಿ ಅದನ್ನು ಉಳಿಸಿಕೊಂಡಿತು. ಅದರ ಮುಂದಿನ ರೂಪ ಎಂ4-ಪಿ. ಆ ಎಂ4-ಪಿಯ ಮೈಯೊಳಗೆ ಬೆಳಕಿನ ಮೀಟರನ್ನು ಅಡಕಗೊಳಿಸಿದಾಗ 1984ರಲ್ಲಿ ಎಂ6 ಹುಟ್ಟಿತು. ಶಟರಿನ ಮೊದಲ ಪರದೆಯ ಮೇಲೆ 12 ಮಿಲಿಮೀಟರ್ ಅಗಲದ ಬಿಳಿ ಬೊಟ್ಟೊಂದನ್ನು ಬಳಿದು, ಲೆನ್ಸಿನಿಂದ ಬಂದ ಬೆಳಕು ಆ ಬೊಟ್ಟಿಗೆ ತಾಕಿ ಚಿಮ್ಮುವುದನ್ನು ಒಳಗಿನ ಕೋಶವೊಂದು ಅಳೆಯುವಂತೆ ಮಾಡಿದರು. ಇಷ್ಟು ಸರಳವಾದ ಉಪಾಯಕ್ಕೆ ಎಂ5ರ ದಪ್ಪ ಮೈ ಬೇಕಾಗಿರಲಿಲ್ಲ ಎಂಬುದೇ ಎಂ6ರ ಗೆಲುವಿನ ಗುಟ್ಟು. 1998ರಲ್ಲಿ ಟಿಟಿಎಲ್ ಎಂಬ ತುಸು ಎತ್ತರದ ರೂಪ ಪಡೆದು, 2002ರಲ್ಲಿ ಅದು ನಿಂತಿತು.

ಹಾಗಾಗಿ ಎಂ6 ಎಂಬುದು 1954ರ ಲೆನ್ಸ್ ಸಿಕ್ಕಿಸುವ ಮೌಂಟು, 1967ರ ಉರುಳೆ, 1984ರ ಮೀಟರು ಒಂದೇ ಮೈಯಲ್ಲಿ ಸೇರಿದ ಕ್ಯಾಮೆರಾ. ಇದರೊಂದಿಗೆ ಕಷ್ಟಕಾಲದ ಉಳಿತಾಯಗಳೂ ಸೇರಿಕೊಂಡಿದ್ದವು ಎಂಬುದನ್ನು ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ಮರುಬಿಡುಗಡೆಯ ಚರ್ಚೆಗೆ ತಿರುಳು ಇರುವುದು ಇಲ್ಲಿಯೇ.

ಮೊದಲ ಉಳಿತಾಯ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ನಡೆದಿತ್ತು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಂಡಿಯಲ್ಲಿ ನೋಡುತ್ತೇವೆ. ಅದರ ನಡುವೆ ಒಂದು ಸಣ್ಣ ಬೆಳಗುವ ಚೌಕವಿರುತ್ತದೆ. ಎಂ6ರಲ್ಲಿ 69.25 ಮಿಲಿಮೀಟರ್ ದೂರದಲ್ಲಿರುವ ಎರಡನೆಯ ಕಿಂಡಿಯಿಂದ ಬಂದ ಬಿಂಬ ಆ ಚೌಕದಲ್ಲಿ ಮೂಡುತ್ತದೆ. ಎದುರಿಗೆ ಬಾಗಿಲ ಬಳಿ ಅಜ್ಜಿಯೊಬ್ಬರು ನಿಂತಿದ್ದಾರೆ ಎಂದುಕೊಳ್ಳಿ: ಫೋಕಸ್ ತಪ್ಪಿದ್ದರೆ ಚೌಕದೊಳಗೆ ಅವರ ಕನ್ನಡಕದ ಅಂಚು ಎರಡಾಗಿ ಕಾಣುತ್ತದೆ, ಲೆನ್ಸಿನ ಉಂಗುರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಹೋದಂತೆ ಆ ಎರಡು ಅಂಚುಗಳು ಒಂದರ ಮೇಲೊಂದು ಬಂದು ಕೂರುತ್ತವೆ, ಕೂತ ಕ್ಷಣವೇ ಫೋಕಸ್ ಸರಿಯಾಗಿದೆ ಎಂದು ತಿಳಿಯುತ್ತದೆ. ಅರೆಬೆಳಕಿನಲ್ಲೂ ಇದು ಖಚಿತವಾಗಿ ನಡೆಯುವುದರಿಂದಲೇ ಈ ಕ್ಯಾಮೆರಾಗಳಿಗೆ ಇಷ್ಟು ಜನ ಮನಸೋತಿರುವುದು.

ಎಂ4-2ರ ಕಾಲದಲ್ಲಿ ಖರ್ಚು ತಗ್ಗಿಸುವ ಸಲುವಾಗಿ ಈ ಚೌಕಕ್ಕೆ ಬೆಳಕು ಹಾಯುವ ದಾರಿಯಲ್ಲಿದ್ದ ಒಂದು ಸಣ್ಣ ಮಸೂರವನ್ನು ಕೈಬಿಟ್ಟರು. ಎಂ6 ಅದನ್ನೇ ಬಳುವಳಿಯಾಗಿ ಪಡೆಯಿತು. ಇದರಿಂದಾಗಿ ಬೆಳಕು ಒಂದು ನಿರ್ದಿಷ್ಟ ಓರೆಯಲ್ಲಿ ಬಿದ್ದಾಗ, ಮುಖ್ಯವಾಗಿ ಸಂಜೆಯ ಇಳಿಬಿಸಿಲಿನಲ್ಲಿ ಅಥವಾ ಕಿಟಕಿಗೆ ಎದುರಾಗಿ ನಿಂತಾಗ, ಆ ಚೌಕ ಹಾಲು ಚೆಲ್ಲಿದಂತೆ ಬೆಳ್ಳಗಾಗಿ ಬಿಂಬವೇ ಕಾಣದಂತಾಗುತ್ತದೆ. ಕಣ್ಣನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಮತ್ತೆ ಕಾಣುವುದುಂಟು, ಅಷ್ಟರಲ್ಲಿ ಅಜ್ಜಿ ಒಳಗೆ ಹೋಗಿರುತ್ತಾರೆ. ಹಳೆಯ ಎಂ6 ಬಳಸಿದವರೆಲ್ಲ ಇದನ್ನು ಬಲ್ಲರು. 2003ರಲ್ಲಿ ಬಂದ ಎಂಪಿ ಎಂಬ ಮಾದರಿಯಲ್ಲಿ ಲೈಕಾ ಈ ದೋಷವನ್ನು ಸರಿಪಡಿಸಿತು. 2022ರ ಎಂ6ಕ್ಕೆ ಬಂದಿರುವುದು ಆ ಸರಿಪಡಿಸಿದ, ಪ್ರತಿಫಲನ ತಡೆಯುವ ಲೇಪಗಳಿರುವ ವ್ಯೂಫೈಂಡರ್, ಅಂದರೆ ನೋಡುವ ಕಿಂಡಿ. ನನ್ನ ಮಟ್ಟಿಗೆ ಹೊಸ ಎಂ6ರ ಪರವಾದ ವಾದಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಏಕೆಂದರೆ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಆ ಚೌಕ ಕಾಣದಿದ್ದರೆ ಉಳಿದೆಲ್ಲ ಗುಣಗಳೂ ಆ ಹೊತ್ತಿಗೆ ಕೆಲಸಕ್ಕೆ ಬಾರವು.

ಎರಡನೆಯ ಉಳಿತಾಯ ಮೇಲ್ಕವಚದ್ದು. ಎಂ3ರಲ್ಲಿ ಹಿತ್ತಾಳೆಯದಾಗಿದ್ದ ಈ ಭಾಗವನ್ನು ಎಂ6ರಲ್ಲಿ ಸತುವಿನ ಎರಕ ಹೊಯ್ದು ಮಾಡಿದ್ದರು. ಹಿತ್ತಾಳೆಯ ಕ್ಯಾಮೆರಾ ಬಳಸುತ್ತ ಹೋದಂತೆ ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು, ಅಡಿಯ ಹೊಂಬಣ್ಣ ಇಣುಕುತ್ತದೆ. ಮನೆಯ ಹಳೆಯ ಹಿತ್ತಾಳೆ ಚೊಂಬು ಹಿಡಿದಲ್ಲಿ ಹೊಳಪೇರಿರುವುದನ್ನು ಕಂಡವರಿಗೆ ಅಭಿಮಾನಿಗಳು ಇದನ್ನು ಏಕೆ ಅಷ್ಟು ಪ್ರೀತಿಸುತ್ತಾರೆಂದು ವಿವರಿಸಬೇಕಾಗಿಲ್ಲ. ಸತು ಹಾಗೆ ವಯಸ್ಸಾಗುವುದಿಲ್ಲ. ಕೆಲವು ಹಳೆಯ ಎಂ6ಗಳಲ್ಲಿ ಲೇಪದ ಅಡಿಯ ಸತು ಕಿಲುಬು ಹಿಡಿದು, ಮೇಲ್ಮೈಯಲ್ಲಿ ಸಣ್ಣ ಸಣ್ಣ ಬೊಬ್ಬೆಗಳು ಏಳುತ್ತವೆ. ಹೊಸ ಎಂ6ರ ಮೇಲ್ಕವಚವನ್ನು ಗಟ್ಟಿ ಹಿತ್ತಾಳೆಯಿಂದ ಕಡೆದು ತೆಗೆದಿದ್ದಾರೆ. ಆದರೆ ಅದರ ಮೇಲಿನ ಕಪ್ಪು ಲೇಪ ಸುಲಭಕ್ಕೆ ಸವೆಯದ ಬಗೆಯದಾದ್ದರಿಂದ, ಹಿತ್ತಾಳೆ ಕೊಟ್ಟು ಅದನ್ನು ಕಾಣದಂತೆ ಮುಚ್ಚಿಟ್ಟಿದ್ದಾರೆ ಎಂದು ಕೆಲವರು ಗೊಣಗಿದರು. ಈ ದೂರಿನಲ್ಲಿ ನನಗೆ ಹುರುಳು ಕಾಣಲಿಲ್ಲ. ದಿನವೂ ಹೆಗಲಿಗೆ ನೇತುಹಾಕಿಕೊಂಡು ತಿರುಗುವ ಕ್ಯಾಮೆರಾದ ಬಣ್ಣ ಬಾಳಿಕೆ ಬಂದರೆ ಅದು ತಯಾರಕರ ತಪ್ಪಾಗುವುದಿಲ್ಲ.

ಇನ್ನು ಹೆಚ್ಚು ತೂಕದ ಆಕ್ಷೇಪವೊಂದಿದೆ. ಹಿತ್ತಾಳೆಯ ಮೈ, ಸರಿಪಡಿಸಿದ ವ್ಯೂಫೈಂಡರ್, ಎರಡು ಬಾಣದ ಗುರುತುಗಳ ನಡುವೆ ಕೆಂಪು ಚುಕ್ಕಿ ಬೆಳಗುವ ಮೀಟರು, ಇವೆಲ್ಲ ಎಂಪಿಯಲ್ಲಿ ಮೊದಲೇ ಇದ್ದವು, ಎಂಪಿ ಈಗಲೂ ತಯಾರಾಗುತ್ತಿದೆ, ಹಾಗಿರುವಾಗ ಎಂ6 ಎಂಬುದು ಎಂಪಿಗೆ ಹೊಲಿಸಿದ ಬೇರೆ ಅಂಗಿಯಷ್ಟೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಹುಪಾಲು ಇದು ಸರಿ. ಒಳಗಿನ ಯಂತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೊರಗೆ ಮಾತ್ರ ಎಂಪಿಯಲ್ಲಿ ರೀಲು ಮುಂದಕ್ಕೆ ಸುತ್ತುವ ಲಿವರ್ ಪೂರ್ತಿ ಲೋಹದ್ದು, ಹಿಂದಕ್ಕೆ ಸುತ್ತಲು ಎಂ3ರಂತೆ ಎತ್ತಿ ತಿರುಗಿಸುವ ಗುಂಡಿ. ಎಂ6ರಲ್ಲಿ ಲಿವರಿನ ತುದಿಗೆ ಪ್ಲಾಸ್ಟಿಕ್ಕಿನ ಹಿಡಿಯಿದೆ, ಹಿಂದಕ್ಕೆ ಸುತ್ತಲು ಓರೆ ಹಿಡಿಕೆಯಿದೆ, ಮುಂದೆ ಕಂಪನಿಯ ಹಳೆಯ ಹೆಸರಾದ ಲೈಟ್ಸ್ (Leitz) ಎಂದು ಬರೆದ ಕೆಂಪು ಬೊಟ್ಟಿದೆ. ಇದನ್ನು ಬರಿಯ ಅಂಗಿ ಎಂದು ತಳ್ಳಿಹಾಕುವವರು 36 ಚಿತ್ರಗಳ ರೀಲನ್ನು ಆ ಗುಂಡಿಯಿಂದ ಹಿಂದಕ್ಕೆ ಸುತ್ತಿ ನೋಡಬೇಕು. ಬೆರಳ ತುದಿಗಳಲ್ಲಿ ಜಾರುವ ಗುಂಡಿಯನ್ನು ಅಷ್ಟಷ್ಟಾಗಿ ತಿರುಗಿಸುವುದಕ್ಕೂ, ಓರೆ ಹಿಡಿಕೆಯನ್ನು ಬಿಡಿಸಿಕೊಂಡು ಬಾವಿಯ ರಾಟೆಯಂತೆ ಸರಸರನೆ ತಿರುಗಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ. ರೀಲು ಹಾಕುವಾಗಲೂ ಆ ಹಿಡಿಕೆ ಕಾವಲುಗಾರನಂತೆ ಕೆಲಸ ಮಾಡುತ್ತದೆ: ತಳದ ಮುಚ್ಚಳ ತೆಗೆದು, ರೀಲಿನ ತುದಿಯನ್ನು ಮೂರು ಎಸಳಿನ ನಡುವೆ ತುರುಕಿ, ಮುಚ್ಚಳ ಹಾಕಿ ಲಿವರ್ ಎಳೆದಾಗ ಎಡಗಡೆಯ ಹಿಡಿಕೆ ತಾನಾಗಿ ತಿರುಗಿದರೆ ರೀಲು ಸರಿಯಾಗಿ ಕೂತಿದೆ ಎಂದರ್ಥ. ತಿರುಗದಿದ್ದರೆ 36 ಬಾರಿ ಕ್ಲಿಕ್ಕಿಸಿದರೂ ಒಂದು ಚಿತ್ರವೂ ಬಂದಿರುವುದಿಲ್ಲ. ಎಂಪಿಯ ಗುಂಡಿಯೂ ತಿರುಗುತ್ತದೆ, ಆದರೆ ಹಿಡಿಕೆಯ ತಿರುಗಾಟ ಒಂದು ನೋಟಕ್ಕೇ ಕಾಣುತ್ತದೆ.

ಮರುಬಿಡುಗಡೆಯಲ್ಲಿ ಏನಾದರೂ ಹೊಸತನ ಬೇಕಿತ್ತು ಎನ್ನುವವರ ಬಯಕೆಗಳು ಹಲವು. ಶಟರಿನ ವೇಗ 1954ರಲ್ಲಿ ಇದ್ದಂತೆ ಸೆಕೆಂಡಿನ 1/1000ಕ್ಕೇ ನಿಂತಿದೆ, ಫ್ಲಾಶ್ ಬಳಸಬೇಕಾದರೆ 1/50ಕ್ಕಿಂತ ಮೇಲೆ ಹೋಗುವಂತಿಲ್ಲ, 2002ರಿಂದ 2018ರವರೆಗೆ ನಡೆದ ಎಂ7ರಲ್ಲಿದ್ದಂತೆ ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ಅನುಕೂಲ ಇಲ್ಲ. ಇವೆಲ್ಲ ನಿಜವಾದ ಕೊರತೆಗಳೇ. ಆದರೆ ಎಂ6ರಲ್ಲಿ ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ಅದು ಸತ್ತರೂ ಅಷ್ಟೂ ಶಟರ್ ವೇಗಗಳು ಹಾಗೆಯೇ ನಡೆಯುತ್ತವೆ. ಎಂ7ರಲ್ಲಿ ಬ್ಯಾಟರಿ ಇಲ್ಲದೆ ನಡೆಯುವುದು 1/60 ಮತ್ತು 1/125 ಎಂಬ ಎರಡೇ ವೇಗಗಳು. ಐವತ್ತು ವರ್ಷ ಬಾಳಲಿ ಎಂದು ಕೊಳ್ಳುವ ಯಂತ್ರದಲ್ಲಿ ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಕನ್ನಡಕ ಹಾಕುವವರ ದೂರು ಮಾತ್ರ ಇದಕ್ಕಿಂತ ಗಟ್ಟಿಯಾಗಿದೆ. ಕಿಂಡಿಯಲ್ಲಿ ದೃಶ್ಯ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಅಳತೆಯಲ್ಲಿ ಎಂ6 ಟಿಟಿಎಲ್ 0.58, 0.72, 0.85 ಎಂಬ ಮೂರು ಬಗೆಗಳಲ್ಲಿ ಸಿಗುತ್ತಿತ್ತು. ಹೊಸದು 0.72ರಲ್ಲಿ ಮಾತ್ರ ಇದೆ. ಕನ್ನಡಕದ ಗಾಜಿನ ಹಿಂದಿನಿಂದ ನೋಡುವವರಿಗೆ ಇದರಲ್ಲಿ 28 ಮಿಲಿಮೀಟರ್ ಲೆನ್ಸಿನ ಚೌಕಟ್ಟು ಒಂದೇ ನೋಟಕ್ಕೆ ಪೂರ್ತಿ ಸಿಗುವುದು ಕಷ್ಟ.

ಹಳೆಯ ರೇಂಜ್‌ಫೈಂಡರನ್ನು ಮತ್ತೆ ತಯಾರಿಸಿದ್ದು ಲೈಕಾ ಮೊದಲಲ್ಲ. ನಿಕಾನ್ ಕಂಪನಿ ತನ್ನ 1958ರ ಎಸ್3 ಕ್ಯಾಮೆರಾವನ್ನು 2000ದಲ್ಲಿಯೂ 1957ರ ಎಸ್‌ಪಿಯನ್ನು 2005ರಲ್ಲಿಯೂ ಅಪಾರ ಶ್ರದ್ಧೆಯಿಂದ ಮತ್ತೆ ಮಾಡಿತ್ತು. ಆದರೆ ಅವು ಇಂತಿಷ್ಟೇ ಎಂದು ಎಣಿಸಿ ಮಾಡಿದ ಸಂಗ್ರಹದ ವಸ್ತುಗಳು, ಎಷ್ಟೋ ಕ್ಯಾಮೆರಾಗಳು ಪೆಟ್ಟಿಗೆಯಿಂದ ಹೊರಗೇ ಬಾರದೆ ಕಪಾಟು ಸೇರಿದವು. ಎಂ6 ಹಾಗಲ್ಲ, ಅದು ಮಾಮೂಲಿ ಮಾಲಾಗಿ ತಯಾರಿಕೆಯ ಸಾಲಿಗೆ ಮರಳಿದೆ. ತಯಾರಿಕೆ ನಡೆಯುತ್ತಿದೆ ಎಂದರೆ ಬಿಡಿಭಾಗಗಳು ಹುಟ್ಟುತ್ತಿವೆ, ಅವನ್ನು ಜೋಡಿಸಿ ಹೊಂದಿಸಬಲ್ಲ ಕೈಗಳು ತಯಾರಾಗುತ್ತಿವೆ ಎಂದರ್ಥ. ಫಿಲ್ಮ್ ಕ್ಯಾಮೆರಾಗಳ ರಿಪೇರಿ ಬಲ್ಲವರು ಎಲ್ಲ ಊರುಗಳಲ್ಲೂ ವಯಸ್ಸಾಗಿ, ಅಂಗಡಿ ಮುಚ್ಚುತ್ತಿರುವ ಈ ಕಾಲದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದು.

ಬೆಲೆಯ ವಿಷಯದಲ್ಲಿ ಕಂಪನಿಯ ಪರವಾಗಿ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. 2022ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬರಿಯ ಮೈಗೆ ಇಟ್ಟ ಬೆಲೆ 5,295 ಡಾಲರ್, ಆಗಿನ ವಿನಿಮಯದಲ್ಲಿ ನಾಲ್ಕು ಲಕ್ಷ ಮೂವತ್ತು ಸಾವಿರ ರೂಪಾಯಿಗೂ ಹೆಚ್ಚು. ಲೆನ್ಸ್ ಬೇರೆ ಕೊಳ್ಳಬೇಕು. ಹಳೆಯ ಎಂ6 ಅಗ್ಗದ್ದೇನೂ ಆಗಿರಲಿಲ್ಲ, ಆದರೆ ಪತ್ರಿಕೆಗಳ ಛಾಯಾಗ್ರಾಹಕರು ಬದುಕು ಕಟ್ಟಿಕೊಂಡದ್ದು ಅಂಥ ಕ್ಯಾಮೆರಾಗಳ ಮೇಲೆ. ರೀಲಿನ ಬೆಲೆ, ಅದನ್ನು ತೊಳೆಸಿ ಸ್ಕ್ಯಾನ್ ಮಾಡಿಸುವ ಖರ್ಚು ಎರಡೂ ಏರಿರುವಾಗ, ಇಪ್ಪತ್ತೈದರ ಹರೆಯದ ಉತ್ಸಾಹಿಯೊಬ್ಬರಿಗೆ ಇದು ಎಟುಕುವ ಮಾತಲ್ಲ ಎಂಬ ಅಭಿಮಾನಿಗಳ ನೋವಿಗೆ ನನ್ನ ದನಿಯೂ ಸೇರುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹಣದ ಅಡಚಣೆ ಇಲ್ಲದವರು, ಹತ್ತಾರು ವರ್ಷ ಒಂದೇ ಕ್ಯಾಮೆರಾದಲ್ಲಿ ಕೆಲಸ ಮಾಡಬೇಕೆನ್ನುವವರು ಹೊಸದನ್ನು ಕೊಳ್ಳುವುದು ಸರಿ. ಉಳಿದವರು ಹಳೆಯದನ್ನು ಪರೀಕ್ಷಿಸಿ ಕೊಂಡು, ಉಳಿದ ಹಣವನ್ನು ಲೆನ್ಸಿಗೂ ರೀಲಿಗೂ ಇಟ್ಟುಕೊಳ್ಳುವುದು ಮೇಲು. ಪರೀಕ್ಷಿಸುವಾಗ ಮೊದಲು ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ ಕಿವಿಗೊಡಿ, ಒಳಗಿನ ಹಲ್ಲುಚಕ್ರಗಳ ಸದ್ದು ಎಲ್ಲೂ ತಡವರಿಸದೆ ಒಂದೇ ಸಮನೆ ಸಾಗಿ ಮುಗಿಯಬೇಕು. ಲೆನ್ಸನ್ನು ಅನಂತಕ್ಕೆ ತಿರುಗಿಸಿ ದೂರದ ಮೊಬೈಲ್ ಟವರೊಂದನ್ನು ನೋಡಿ, ಚೌಕದಲ್ಲಿ ಅದು ಅಡ್ಡಕ್ಕೂ ಉದ್ದಕ್ಕೂ ಒಂದಾಗಿ ಕೂರಬೇಕು. ಬ್ಯಾಟರಿ ಹಾಕಿ, ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗ ಎರಡು ಬಾಣಗಳೂ ಬೆಳಗುತ್ತವೆಯೇ ಎಂದು ತಪ್ಪದೆ ನೋಡಿ, ಏಕೆಂದರೆ ಹಳೆಯ ಎಂ6ರ ಮೀಟರಿನ ಸರ್ಕ್ಯೂಟ್ ಕೆಟ್ಟರೆ ಬದಲಿ ಸಿಗುವುದು ಬಹಳ ಕಷ್ಟ. ಮೀಟರಿಲ್ಲದೆಯೂ ಕ್ಯಾಮೆರಾ ನಡೆಯುತ್ತದೆ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು. ಜೊತೆಗೆ ಬರುವ ಲೆನ್ಸ್ ಕರಾವಳಿ ಅಥವಾ ಮಲೆನಾಡಿನ ಮಳೆಗಾಲಗಳನ್ನು ಕಂಡದ್ದಾದರೆ ಟಾರ್ಚ್ ಬಿಟ್ಟು ನೋಡಿ, ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟಿನ ಎಳೆಗಳು ಕಂಡರೆ ಬಿಟ್ಟುಬಿಡಿ.

ಕೊನೆಗೆ ಸಂಜೆ ಬಿಸಿಲಿಗೆ ಎದುರಾಗಿ ನಿಂತು ಆ ಚೌಕವನ್ನೊಮ್ಮೆ ನೋಡಿ. ಅದು ಬೆಳ್ಳಗಾದರೆ ನಿಮ್ಮ ಕೈಯಲ್ಲಿರುವ ಕ್ಯಾಮೆರಾ ಕೆಟ್ಟಿದೆ ಎಂದಲ್ಲ, ಆ ತಲೆಮಾರಿನ ಎಂ6ಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ. ಎಂಪಿ ಬಂದ ಮೇಲೆ ಅದರ ವ್ಯೂಫೈಂಡರಿನ ಭಾಗಗಳನ್ನು ಹಳೆಯ ಎಂ6ಗಳಿಗೆ ಕೂರಿಸಿಕೊಟ್ಟದ್ದುಂಟು, ಆದ್ದರಿಂದ ಮಾರುವವರನ್ನು ಆ ಕೆಲಸ ಆಗಿದೆಯೇ ಎಂದು ಕೇಳಿ ನೋಡಿ. ಆಗಿದ್ದರೆ, 2022ರ ಕ್ಯಾಮೆರಾದ ಅತಿ ದೊಡ್ಡ ಸುಧಾರಣೆ ಹಳೆಯ ಸತುವಿನ ಮೈಯೊಳಗೇ ನಿಮಗೆ ಸಿಕ್ಕಂತಾಯಿತು.