ಕುಸನೂರಿನಲ್ಲಿ ಕಿತ್ತಿದ್ದು ನೂರೇ ಸಸಿ

1987ರ ನವೆಂಬರ್ 14. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದ್ದರು. ಹೆಂಗಸರು, ಗಂಡಸರು, ಮುಂದೆ ವಾದ್ಯದವರು. ಮೆರವಣಿಗೆಯಲ್ಲಿ ಹೋಗಿ ಕಂಪನಿಯೊಂದು ನೆಟ್ಟಿದ್ದ ನೀಲಗಿರಿ ಸಸಿಗಳಲ್ಲಿ ನೂರನ್ನು ಕಿತ್ತರು. ಅದೇ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ಇದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ.

ಪಕ್ಕದ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರಲ್ಲಿ ಶುರುವಾದ, ಮರ ಅಪ್ಪಿಕೊಂಡು ಕಡಿಯದಂತೆ ತಡೆದ ಅಪ್ಪಿಕೋ ಚಳವಳಿ ಎಲ್ಲರಿಗೂ ಗೊತ್ತು. ಕುಸನೂರಿನದು ನಮ್ಮ ಹಾವೇರಿಯವರಿಗೇ ಅಷ್ಟಾಗಿ ಗೊತ್ತಿಲ್ಲ. ಆಗ ಇದು ಧಾರವಾಡ ಜಿಲ್ಲೆ, ಹಾವೇರಿ ಬೇರೆಯಾಗಿದ್ದು 1997ರಲ್ಲಿ. ಹಾಗಾಗಿ ಹಳೆಯ ಬರಹಗಳಲ್ಲಿ ಹಾವೇರಿ ಅಂತ ಹುಡುಕಿದರೆ ಏನೂ ಸಿಗೋದಿಲ್ಲ.

ಕಥೆ ಶುರುವಾಗೋದು ಗುಡ್ಡದಲ್ಲಲ್ಲ, ಹೊಳೆಯಲ್ಲಿ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1970ರ ದಶಕದ ಆರಂಭದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಮರವನ್ನು ಚೂರು ಮಾಡಿ, ರಾಸಾಯನಿಕ ಹಾಕಿ ಬೇಯಿಸಿ, ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವ ಕೆಲಸ. ಬೇಯಿಸಿದ ಮೇಲೆ ಮರದಲ್ಲಿದ್ದ ಬೇಡದ ಅಂಶವೆಲ್ಲ ಕಂದು ಬಣ್ಣದ ನೀರಾಗಿ ಹೊರಗೆ ಬರುತ್ತದೆ. ಅದನ್ನು ಸರಿಯಾಗಿ ಶುದ್ಧ ಮಾಡದೆ ಹೊಳೆಗೆ ಬಿಟ್ಟರೆ ನೀರಿನೊಳಗಿನ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಉಸಿರೇ ಸಿಗೋದಿಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ಕೆಳಗಿನ ಹಳ್ಳಿಗಳಲ್ಲಿ ಮೀನು ಸತ್ತವು, ಮೀನುಗಾರರ ದುಡಿಮೆ ಹೋಯಿತು, ಅದೇ ನೀರು ಕುಡಿಯುವ ಜನ, ದನ ತೊಂದರೆಗೆ ಬಿದ್ದರು. ಧಾರವಾಡದಲ್ಲಿ ಎಸ್.ಆರ್. ಹಿರೇಮಠ ಮತ್ತು ಜೊತೆಗಾರರು 1984ರಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ಹೊಳೆಯ ವಿಷಯ ಕೈಗೆತ್ತಿಕೊಂಡಿತು.

ಅದೇ ವರ್ಷ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ಕಾರ್ಖಾನೆಗೆ ಮರ ಬೇಕಲ್ವಾ? ಸರ್ಕಾರದ ಅರಣ್ಯ ನಿಗಮ ಮತ್ತು ಇದೇ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಜಂಟಿ ಕಂಪನಿ ಮಾಡಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಒಟ್ಟು 30,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 75,000 ಎಕರೆ, ಈ ಕಂಪನಿಗೆ ಕೊಡುವ ತೀರ್ಮಾನವಾಯಿತು. ಕಾಗದದಲ್ಲಿ ಅದು ಸರ್ಕಾರದ ಜಮೀನು. ಊರಿನ ಲೆಕ್ಕದಲ್ಲಿ ಅದು ದನ ಮೇಯುವ ಜಾಗ, ಕಟ್ಟಿಗೆ ಆರಿಸುವ ಜಾಗ, ಹೊಲ ಇಲ್ಲದವರು ಕುರಿ, ಆಡು ಬಿಡುವ ಜಾಗ. ಕುಸನೂರಿನಲ್ಲಿ ಆಗಲೇ 400 ಹೆಕ್ಟೇರ್ ಕಂಪನಿಗೆ ಹೋಗಿತ್ತು.

ನೀಲಗಿರಿ ಬೇಗ ಬೆಳೆಯುತ್ತದೆ, ಕೆಲವೇ ವರ್ಷಕ್ಕೆ ಕಡಿಯಬಹುದು, ದನ ಬಾಯಿ ಹಾಕೋದಿಲ್ಲ, ಹಾಗಾಗಿ ಕಾವಲೂ ಕಡಿಮೆ. ಕಾರ್ಖಾನೆಗೆ ಇದಕ್ಕಿಂತ ಒಳ್ಳೆ ಗಿಡ ಇಲ್ಲ. ದನ ಬಾಯಿ ಹಾಕೋದಿಲ್ಲ ಅನ್ನೋದೇ ಊರಿನವರ ತಕರಾರು. ಮೇವೂ ಇಲ್ಲ, ಹಣ್ಣೂ ಇಲ್ಲ, ನೆರಳೂ ಅಷ್ಟಕ್ಕಷ್ಟೇ. ಇಂಥ ಸಿಟ್ಟು ಇಲ್ಲಿ ಮಾತ್ರ ಇರಲಿಲ್ಲ. 1983ರಲ್ಲೇ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆಯ ನೀಲಗಿರಿ ಸಸಿ ಕಿತ್ತು ಹಾಕಿದ್ದರು.

ಈಗ ನಾನು ಮುಖ್ಯ ಅಂದುಕೊಂಡಿರುವ ಭಾಗ. ಸುಮ್ನೆ ಸಿಟ್ಟಿಗೆದ್ದು ಒಂದು ದಿನ ಹೋಗಿ ಸಸಿ ಕಿತ್ತಿದ್ದರೆ ಅದು ಪೊಲೀಸ್ ಕೇಸಿನಲ್ಲಿ ಮುಗಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. 1986ರ ಕೊನೆಗೆ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ಮಾರ್ಚ್ 24ಕ್ಕೆ ಕೋರ್ಟು ತಡೆ ಕೊಟ್ಟಿತು, ಕಂಪನಿಗೆ ಇನ್ನಷ್ಟು ಜಮೀನು ಕೊಡುವ ಹಾಗಿಲ್ಲ ಅಂತ. ಗೆದ್ದೆವು ಅಂತ ಅಷ್ಟಕ್ಕೇ ಕೂರಬಹುದಿತ್ತು. ಆದರೆ ಆಗಲೇ ಕೊಟ್ಟ ಜಮೀನಿನ ಗತಿ? ಮೇ ತಿಂಗಳಲ್ಲಿ ಕುಸನೂರಿನಲ್ಲೇ ಅಹಿಂಸೆಯ ಹೋರಾಟ ಹೇಗೆ ಮಾಡಬೇಕು ಅಂತ ತರಬೇತಿ ಶಿಬಿರ ನಡೆಯಿತು. ಊರಿನವರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿಕೊಂಡಿತು. ಅಲ್ಲಿಂದ ನವೆಂಬರ್‌ವರೆಗೆ ಕುಸನೂರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಸಭೆ ಮೇಲೆ ಸಭೆ. ಆ ದಿನ ಕಿತ್ತ ಸಸಿ ನೂರೇ ನೂರು ಅನ್ನೋದು ಇದರಿಂದಲೇ ಅರ್ಥವಾಗುತ್ತದೆ. ಅಷ್ಟು ಜನ ಮನಸ್ಸು ಮಾಡಿದ್ದರೆ ಇಡೀ ತೋಪನ್ನೇ ಕಿತ್ತು ಹಾಕಬಹುದಿತ್ತು. ಅವರು ಲೆಕ್ಕ ಇಟ್ಟು ಕಿತ್ತರು, ಲೆಕ್ಕ ಇಟ್ಟು ನೆಟ್ಟರು.

1991ರ ಹೊತ್ತಿಗೆ ಆ ಜಂಟಿ ಕಂಪನಿ ಬಾಗಿಲು ಮುಚ್ಚಿತು.

ಅದೇ 1991ರಲ್ಲಿ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಶಾಲೆ, ಕಾಲೇಜುಗಳಲ್ಲಿ ಪರಿಸರದ ಪಾಠ ಇರಲೇಬೇಕು ಅಂತ ಆದೇಶ ಕೊಟ್ಟಿತು. ಪಾಠ ಬಂತು. ಓಝೋನ್ ಪದರ, ಹುಲಿ, ಪ್ಲಾಸ್ಟಿಕ್ ಎಲ್ಲ ಬಂತು. ಜೂನ್ 5ಕ್ಕೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋದೂ ಬಂತು. ಆದರೆ ನಮ್ಮೂರಿನ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಗೋಮಾಳ, ಎಷ್ಟು ಎಕರೆ, ಅದು ಯಾರ ಸುಪರ್ದಿಯಲ್ಲಿದೆ, ಅದನ್ನು ಬೇರೆಯವರಿಗೆ ಕೊಡುವಾಗ ಯಾರನ್ನು ಕೇಳಬೇಕು ಅಂತ ಯಾವ ಮಗುವಿಗೆ ಹೇಳಿಕೊಟ್ಟಿದ್ದೇವೆ? ಭೂಕಂದಾಯ ನಿಯಮದ ಪ್ರಕಾರ ಪ್ರತಿ 100 ದನಕ್ಕೆ 12 ಹೆಕ್ಟೇರ್ ಹುಲ್ಲುಗಾವಲು ಮೀಸಲಿಡಬೇಕು. ಇದು ಪರೀಕ್ಷೆಯಲ್ಲಿ ಬರೋದಿಲ್ಲ, ಗ್ರಾಮಸಭೆಯಲ್ಲಂತೂ ಬರೋದೇ ಇಲ್ಲ.

ಕುಸನೂರಿನಂಥದೇ ಹೋರಾಟ ಮುಂದೆ ಗದಗಿನ ಕಪ್ಪತಗುಡ್ಡದಲ್ಲೂ ನಡೆಯಿತು. 2015ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿ, 2016ರಲ್ಲಿ ತಾನೇ ವಾಪಸ್ ತೆಗೆದುಕೊಂಡಿತು. ಗುಡ್ಡದಲ್ಲಿ ಚಿನ್ನ ಇದೆ ಅನ್ನೋದು ಬ್ರಿಟಿಷರ ಕಾಲದಿಂದ ಗೊತ್ತಿರುವ ಸಂಗತಿ, ಹಾಗಾಗಿ ಕಾರಣ ಏನಿರಬಹುದು ಅಂತ ಜನರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ 2017ರ ಫೆಬ್ರವರಿಯಲ್ಲಿ ಧರಣಿ ಕೂತರು, ಹಿರೇಮಠರೂ ಬಂದರು, ಏಪ್ರಿಲ್‌ನಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವೇ ಆಯಿತು.

ಗಾಯರಾಣಕ್ಕೆ ಮಾತ್ರ ಇಂಥ ಹೆಸರಿಲ್ಲ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿ, ಗ್ರಾಮ ಪಂಚಾಯಿತಿಗೆ ಮರಳಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. 2017ರಲ್ಲಿ ನಮ್ಮ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನೇ ನಿಷೇಧಿಸಿತು, ಕುಸನೂರಿನವರು ಹೇಳಿ 30 ವರ್ಷ ಆದ ಮೇಲೆ. ಆದರೆ ಈಗ ಜಾಗ ತಿನ್ನುತ್ತಿರೋದು ದೊಡ್ಡ ಕಂಪನಿಯೇ ಆಗಬೇಕಿಲ್ಲ. ಪಕ್ಕದ ಹೊಲದವರ ಬದು ವರ್ಷಕ್ಕೆ ಒಂದು ಮಾರು ಮುಂದೆ ಬರುತ್ತದೆ, ಊರ ಮಂದಿಯ ಜೊತೆ ಜಗಳ ಯಾಕೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಹೊರಗಿನ ಕಂಪನಿ ವಿರುದ್ಧ ಸಭೆ ಸೇರಿಸೋದು ಇದಕ್ಕಿಂತ ಸುಲಭ ಅಂತ ನನಗನ್ನಿಸುತ್ತದೆ.

ಸರ್ಕಾರದ ಜಮೀನು ದಾಖಲೆಗಳ ‘ಭೂಮಿ’ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಬರುತ್ತದೆ. ನಿಮ್ಮೂರಿನ ಗಾಯರಾಣದ್ದು ಒಮ್ಮೆ ತೆಗೆದು ನೋಡಿ. ಅದರಲ್ಲಿರುವ ಎಕರೆ, ನೆಲದ ಮೇಲಿರುವ ಎಕರೆ ಎರಡೂ ತಾಳೆಯಾಗದಿದ್ದರೆ ಅಳತೆ ಮಾಡಿಸಿ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.